ಖಿನ್ನತೆಯ ಮಾತ್ರೆ ನಿಲ್ಲಿಸಿದ ಮೇಲೆ ಉಳಿಯುವ ದೇಹದ ತೊಂದರೆಗಳು

ಖಿನ್ನತೆಯ ಮಾತ್ರೆಯನ್ನು ತಿಂಗಳುಗಟ್ಟಲೆ ಸೇವಿಸಿ ಒಮ್ಮೆಲೇ ಬಿಟ್ಟರೆ ತಲೆಸುತ್ತು, ವಾಕರಿಕೆ, ಬೆವರು, ನಿದ್ದೆಗೇಡು, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ ಆಗಬಹುದು. ಇದು ಚಟವಲ್ಲ, ಭ್ರಮೆಯೂ ಅಲ್ಲ. ಮಾತ್ರೆಗೆ ಹೊಂದಿಕೊಂಡಿದ್ದ ಮಿದುಳಿಗೆ ಅದಿಲ್ಲದೆ ನಡೆಯಲು ಸಮಯ ಬೇಕು.

ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ದೇಹದಿಂದ ಬೇಗ ಹೊರಹೋಗುವುದರಿಂದ ತೊಂದರೆ ಹೆಚ್ಚು. ಫ್ಲುವೊಕ್ಸೆಟಿನ್ ವಾರಗಟ್ಟಲೆ ಉಳಿಯುವುದರಿಂದ ಕಡಿಮೆ, ಕಾಣಿಸಿದರೂ ತಡವಾಗಿ. ಹಲವರಿಗೆ ಒಂದೆರಡು ವಾರದಲ್ಲಿ ವಾಸಿಯಾಗುತ್ತದೆ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ.

ಕಾಯಿಲೆ ಮರಳಿತೇ? ನಿಲ್ಲಿಸಿದ ಕೆಲವೇ ದಿನಗಳಲ್ಲಿ, ಹಿಂದೆ ಇಲ್ಲದಿದ್ದ ದೇಹಲಕ್ಷಣಗಳು ಶುರುವಾದರೆ ಬಹುಮಟ್ಟಿಗೆ ಮಾತ್ರೆ ಬಿಟ್ಟದ್ದರ ಪರಿಣಾಮ. ಖಿನ್ನತೆ ಸಾಮಾನ್ಯವಾಗಿ ವಾರಗಳ ನಂತರ, ನಿಧಾನವಾಗಿ ಮರಳುತ್ತದೆ. ತೀರ್ಮಾನ ವೈದ್ಯರದು.

ಏನು ಮಾಡಬೇಕು?
• ವೈದ್ಯರನ್ನು ಕಾಣಿ. ಹಳೆಯ ಪ್ರಮಾಣ ಮತ್ತೆ ಕೊಟ್ಟು ನಿಧಾನವಾಗಿ ಇಳಿಸಬಹುದು. ಕೊನೆಕೊನೆಗೆ ಇಳಿಸುವ ಪ್ರಮಾಣ ಇನ್ನೂ ಚಿಕ್ಕದಿರಬೇಕು.
• ದಿನ ಬಿಟ್ಟು ದಿನ ನುಂಗಬೇಡಿ. ಔಷಧದ ಮಟ್ಟ ಏರಿಳಿಯುತ್ತದೆ.
• ತಲೆಸುತ್ತಿದ್ದಾಗ ವಾಹನ ಓಡಿಸಬೇಡಿ, ಮದ್ಯ ಮುಟ್ಟಬೇಡಿ.
• ಗಡಿಯಾಚೆಯ ಊರಿನಿಂದ ಮಾತ್ರೆ ತರಿಸುವವರು ಮುಗಿಯುವ ವಾರ ಮೊದಲೇ ತರಿಸಿಕೊಳ್ಳಿ.
• ವೈದ್ಯರಿಗೆ ಕನ್ನಡ ಬಾರದಿದ್ದರೆ ಮಾತ್ರೆಯ ಖಾಲಿ ಪಟ್ಟಿ, ನಿಲ್ಲಿಸಿದ ದಿನಾಂಕ, ಲಕ್ಷಣಗಳ ಚೀಟಿ ಒಯ್ಯಿರಿ. ಮಾತಿನ ತೊಡಕು ಅರ್ಧ ಕಡಿಮೆಯಾಗುತ್ತದೆ.

ಸಾಯುವ ಯೋಚನೆ ಬಂದರೆ ಕಾಯಬೇಡಿ. ಮನೆಯವರಿಗೆ ಹೇಳಿ, ಕೂಡಲೇ ಆಸ್ಪತ್ರೆಗೆ ಹೋಗಿ. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಹಗಲಿರುಳೂ ಇದೆ, ಕನ್ನಡದಲ್ಲೂ ಮಾತಾಡಬಹುದು.