ಕುರಿಯ ಅಳತೆಯಲ್ಲಿ ಆಡಿನ ಮರಿ: ಕರುಳಿನ ಪರಾವಲಂಬಿಗಳ ಅಧ್ಯಯನದ ಚರಿತ್ರೆಯೂ ಮುದ್ದೇಬಿಹಾಳ ಸೀಮೆಯೂ

ಮುದ್ದೇಬಿಹಾಳ, ತಾಳಿಕೋಟೆ ಕಡೆಯ ಹಿಂಡುಗಳಲ್ಲಿ ಕುರಿಗಳ ಜೊತೆಗೆ ನಾಲ್ಕಾರು ಆಡುಗಳೂ ಇರುತ್ತವೆ. ತಾಯಿ ಸತ್ತ ಕುರಿಮರಿಗೆ ಹಾಲು ಬೇಕು, ಹಿಂಡಿನ ಮುಂದೆ ನಡೆಯಲು ಒಂದು ಹೋತ ಬೇಕು. ಹಟ್ಟಿ ಒಂದೇ, ಕುಡಿಯುವ ನೀರು ಒಂದೇ, ಹುಳದ ಔಷಧಿಯ ಬಾಟಲಿಯೂ ಒಂದೇ. ಕುರುಬರು ಅನುಕೂಲಕ್ಕೆಂದು ಮಾಡಿದ್ದನ್ನು ಪಶುವೈದ್ಯ ವಿಜ್ಞಾನವೂ ಬಹುಕಾಲ ಮಾಡಿತು. ಆಡನ್ನು ಕುರಿಯ ಲೆಕ್ಕಕ್ಕೆ ಹಾಕಿತು. ಆಡಿನ ಮರಿಯ ಕರುಳುಬೇನೆಯ ಚರಿತ್ರೆ ಬಹುಮಟ್ಟಿಗೆ ಈ ಲೆಕ್ಕ ತಪ್ಪಿದ ಮತ್ತು ತಡವಾಗಿ ತಿದ್ದಿಕೊಂಡ ಚರಿತ್ರೆ ಎಂಬುದು ಇಲ್ಲಿನ ವಾದ.

ಈ ಸೀಮೆ ಸೇರಿದ್ದ ಆಗಿನ ಬಿಜಾಪುರ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿತ್ತು. ಮುಂಬಯಿಯ ಪರೇಲ್‌ನಲ್ಲಿ 1886ರಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. 1889ರಲ್ಲಿ ಪುಣೆಯಲ್ಲಿ ಹುಟ್ಟಿದ ಸರ್ಕಾರಿ ಸೂಕ್ಷ್ಮಾಣು ಪ್ರಯೋಗಾಲಯ 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಆಳುವವರ ಚಿಂತೆಯೆಲ್ಲ ಎತ್ತಿನದು, ದಂಡಿನ ಕುದುರೆಯದು. ದನಗಳಿಗೆ ದೊಡ್ಡರೋಗ ಬಂದರೆ ಊರಿನ ಉಳುಮೆ ನಿಲ್ಲುತ್ತಿತ್ತು, ಕಂದಾಯ ನಿಲ್ಲುತ್ತಿತ್ತು. ಒಂದು ತಿಂಗಳ ಆಡಿನ ಮರಿ ಉಚ್ಚಿಕೊಂಡು ಸತ್ತರೆ ಯಾವ ಕಚೇರಿಯ ಕಡತಕ್ಕೂ ಅದು ಸುದ್ದಿಯಲ್ಲ. ಹುಳಶಾಸ್ತ್ರಜ್ಞ ಜಿ. ಡಿ. ಭಾಲೇರಾವ್ 1935ರಲ್ಲಿ ಭಾರತದ ಸಾಕುಪ್ರಾಣಿಗಳ ಹುಳುಗಳನ್ನು ಒಂದು ಗ್ರಂಥದಲ್ಲಿ ವಿವರಿಸಿದ ಮೇಲೆ ನಮ್ಮ ವೈದ್ಯರಿಗೆ ಕೈಗೆಟುಕುವ ಒಂದು ಆಧಾರ ಸಿಕ್ಕಿತು.

ಮರಿಗಳನ್ನು ಹೆಚ್ಚು ಕಾಡುವುದು ಹುಳವಲ್ಲ, ಕಾಕ್ಸಿಡಿಯಾ ಎಂಬ ಏಕಕೋಶಜೀವಿ. ಇದರ ಜಾತಿಯ ಕೋಶಗಳನ್ನು ಲೀವೆನ್‌ಹುಕ್ 1674ರಲ್ಲೇ ಮೊಲದ ಪಿತ್ತದಲ್ಲಿ ಕಂಡಿದ್ದ. ಈ ಕುಲಕ್ಕೆ ಐಮೇರಿಯಾ ಎಂಬ ಹೆಸರು ಬಂದದ್ದು 1875ರಲ್ಲಿ. ಆಡಿನ ಕರುಳನ್ನು ತೀವ್ರವಾಗಿ ಕೆಡಿಸುವ ಒಂದು ಪ್ರಭೇದವನ್ನು ರಷ್ಯಾದ ಯಾಕಿಮೊವ್ ಮತ್ತು ಸಂಗಡಿಗರು 1930ರ ಹೊತ್ತಿಗೆ ವಿವರಿಸಿದರು. ಸೂಕ್ಷ್ಮದರ್ಶಕದಲ್ಲಿ ಕುರಿಯದೂ ಆಡಿನದೂ ಒಂದೇ ತೆರನಾಗಿ ಕಂಡದ್ದರಿಂದ ಎರಡಕ್ಕೂ ಅದೇ ಹೆಸರು ಅಂಟಿಕೊಂಡಿತು. ಹೀಗೆ ಸುಮಾರು ಅರ್ಧ ಶತಮಾನ ನಡೆಯಿತು. ಆಡಿನ ಕೋಶಗಳನ್ನು ಕುರಿಮರಿಗೆ ತಿನ್ನಿಸಿ ನೋಡಿದಾಗ ಸೋಂಕು ತಗಲಲಿಲ್ಲ. 1979ರಲ್ಲಿ ಅಮೆರಿಕದ ಮೆಕ್‌ಡೂಗಲ್ಡ್ ಕುರಿಯ ಪ್ರಭೇದಕ್ಕೆ ಬೇರೆ ಹೆಸರಿಟ್ಟ. ಒಂದೇ ಹಟ್ಟಿಯಲ್ಲಿ ಮಲಗಿದರೂ ಕುರಿಮರಿಯ ಕಾಕ್ಸಿಡಿಯಾ ಆಡಿನ ಮರಿಗೆ ದಾಟುವುದಿಲ್ಲ. ದಾಟುವುದು ಜಠರದಲ್ಲಿ ಕೂತು ರಕ್ತ ಹೀರುವ ಹಿಮಾಂಕಸ್ ಹುಳ. ಅದರ ಒಂದು ಹೆಣ್ಣು ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ.

ಔಷಧಿಯ ಕಥೆ ಇನ್ನೂ ವಿಚಿತ್ರ. ಮೊದಲು ಮೈಲುತುತ್ತದ ನೀರು, 1940ರ ಹೊತ್ತಿಗೆ ಫಿನೋಥಯಜಿನ್, 1961ರಲ್ಲಿ ಥಯಾಬೆಂಡಜೋಲ್, ಮುಂದೆ ಆಲ್ಬೆಂಡಜೋಲ್, 1980ರ ದಶಕದಲ್ಲಿ ಐವರ್‌ಮೆಕ್ಟಿನ್. ಪ್ರಮಾಣ ಗೊತ್ತುಮಾಡಿದ್ದು ಬಹುಪಾಲು ಕುರಿಯ ಮೇಲೆ. ಆಡಿನ ಪಿತ್ತಜನಕಾಂಗ ಈ ಮದ್ದುಗಳನ್ನು ಬೇಗ ಕರಗಿಸಿ ಹೊರಹಾಕುತ್ತದೆ ಎಂಬುದು ಸ್ಪಷ್ಟವಾದದ್ದು 1980ರ ದಶಕದಿಂದೀಚೆಗೆ. ಆಲ್ಬೆಂಡಜೋಲ್‌ನಂಥ ಮದ್ದು ಆಡಿಗೆ ಸರಿಸುಮಾರು ಇಮ್ಮಡಿ ಬೇಕು. ಕುರಿಯ ಅಳತೆಯಲ್ಲಿ ಕುಡಿಸಿದರೆ ಬಲಹೀನ ಹುಳ ಸಾಯುತ್ತವೆ, ಗಟ್ಟಿಯವು ಉಳಿದು ಮರಿ ಮಾಡುತ್ತವೆ. ಆ ಗಟ್ಟಿ ಹುಳಗಳೇ ಮೇವಿನ ಮೂಲಕ ಕುರಿಗೂ ಹೋಗುತ್ತವೆ. ಮದ್ದಿಗೆ ಜಗ್ಗದ ಹುಳಗಳ ವರದಿ ಭಾರತದಲ್ಲಿ 1970ರ ದಶಕದಲ್ಲೇ ಬಂದಿತ್ತು.

ಆಡು ಮೂಲತಃ ಮುಖವೆತ್ತಿ ಮೇಯುವ ಪ್ರಾಣಿ. ಜಾಲಿ, ಬಾರೆಗಿಡದ ಚಿಗುರಿಗೆ ಹುಳದ ಮರಿ ಹತ್ತಿ ಬರುವುದಿಲ್ಲ. ಹೀಗಾಗಿ ಕುರಿಗಿರುವಷ್ಟು ರೋಗನಿರೋಧ ಆಡಿನ ಮೈಗೆ ಬೇಕಾಗಿಯೇ ಇರಲಿಲ್ಲ. ಈ ಸೀಮೆಯ ಡೋಣಿ ಹೊಳೆಸಾಲಿನ ಕಪ್ಪು ಎರೆಭೂಮಿ ವರ್ಷದ ಬಹುಕಾಲ ಒಣಗಿ ಬಿರಿಯುವಂಥದ್ದು. ಆ ಬಿಸಿಲೇ ಹಿಂದೆ ಅರ್ಧ ಔಷಧಿ. ಆಲಮಟ್ಟಿ ಯೋಜನೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿ 1964ರಲ್ಲಿ ಅಡಿಗಲ್ಲು ಹಾಕಿದರು. ಅಣೆಕಟ್ಟು ಪೂರ್ಣಗೊಂಡದ್ದು 2005ರಲ್ಲಿ. ಕಾಲುವೆ ನೀರು ಬಂದಲ್ಲೆಲ್ಲ ಬದುವಿನ ಹುಲ್ಲು ಬೇಸಗೆಯಲ್ಲೂ ಹಸಿರು, ನೆಲ ತಂಪು. ಹಿಮಾಂಕಸ್‌ಗೆ ಬೇಕಾದದ್ದೂ ಇದೇ ಬೆಚ್ಚನೆಯ ತೇವ. ಜಾಲಿ ಕಡಿದು ಹೊಲ ಮಾಡಿದ ಮೇಲೆ ಆಡೂ ತಲೆ ಬಗ್ಗಿಸಿ ಅದೇ ಹುಲ್ಲಿಗೆ ಬಾಯಿ ಹಾಕಬೇಕು. ನೀರಾವರಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ಅದರ ಲಾಭ ನಷ್ಟ ಬರೆಯುವವರು ಈ ಬಾಬತ್ತನ್ನು ಬಿಟ್ಟೇ ಬರೆಯುತ್ತಾರೆ.

ಯಾವ ಪ್ರಾಣಿಗೆ ಹುಳದ ಮದ್ದು ಬೇಕೆಂದು ತಿಳಿಯಲು ದಕ್ಷಿಣ ಆಫ್ರಿಕಾದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಕಣ್ಣುರೆಪ್ಪೆಯ ಬಣ್ಣದ ಪಟ್ಟಿಯೂ ಮೊದಲು ಕುರಿಗೆಂದೇ ಮಾಡಿದ್ದು, ಆಮೇಲೆ ಆಡಿಗೆ ಹೊಂದಿಸಿಕೊಂಡದ್ದು. ಮರಿಯನ್ನು ಮೊಣಕಾಲ ನಡುವೆ ಹಿಡಿದು ಕೆಳರೆಪ್ಪೆ ಜಗ್ಗಿ ನೋಡಬೇಕು: ಕೆಂಪಗಿದ್ದರೆ ಮದ್ದು ಬೇಡ, ಬಿಳಿಚಿದ್ದರೆ ತಡಮಾಡುವಂತಿಲ್ಲ. ಹಿಮಾಂಕಸ್ ಮಟ್ಟಿಗೆ ಇದು ಒಳ್ಳೆಯ ಗುರುತು. ಒಂದು ತಿಂಗಳ ಮರಿಯ ಭೇದಿಗೆ ಸಾಲದು. ಆ ಮರಿಗೆ ಆಲ್ಬೆಂಡಜೋಲ್ ಕುಡಿಸಿದರೆ ಕಾಕ್ಸಿಡಿಯಾಕ್ಕೆ ಏನೂ ಆಗುವುದಿಲ್ಲ; ಕಾಕ್ಸಿಡಿಯಾಕ್ಕೆ ಸಲ್ಫಾ ಅಥವಾ ಆಂಪ್ರೋಲಿಯಂ ಬೇಕು, ಜೊತೆಗೆ ಒಣ ನೆಲ. ತೇವ, ಬೆಚ್ಚನೆ ಸಿಕ್ಕರೆ ಹಿಕ್ಕೆಯೊಳಗಿನ ಕೋಶ ಕೆಲವೇ ದಿನಗಳಲ್ಲಿ ಸೋಂಕು ಹಬ್ಬಿಸಲು ಸಿದ್ಧವಾಗುತ್ತದೆ, ಫಿನಾಯಿಲಿಗೂ ಸುಲಭಕ್ಕೆ ಸಾಯುವುದಿಲ್ಲ.

ಹುಳ, ಕಾಕ್ಸಿಡಿಯಾ ಎರಡನ್ನೂ ಬೇರ್ಪಡಿಸಿ ತೋರಿಸುವ ಪರೀಕ್ಷೆ ಹಳೆಯದು. ಗಾರ್ಡನ್ ಮತ್ತು ವಿಟ್ಲಾಕ್ 1939ರಲ್ಲಿ ಸಿಡ್ನಿಯಲ್ಲಿ ಮೊಟ್ಟೆ ಎಣಿಸುವ ಗಾಜಿನ ಪಟ್ಟಿಯನ್ನು ರೂಪಿಸಿದ್ದರು. ಹಿಕ್ಕೆಯನ್ನು ಗಟ್ಟಿ ಉಪ್ಪುನೀರಿನಲ್ಲಿ ಅರೆದು ಸೋಸಿ ಬಿಟ್ಟರೆ ಮೊಟ್ಟೆಗಳು ಮೇಲೆ ತೇಲಿ ಬರುತ್ತವೆ: ಹುಳದ್ದು ದೊಡ್ಡದು, ಕಾಕ್ಸಿಡಿಯಾದ್ದು ಪುಟ್ಟದು. ಆಸ್ಪತ್ರೆಗೆ ಮರಿಯನ್ನು ಒಯ್ಯಲಾಗದಿದ್ದರೂ ತಾಜಾ ಹಿಕ್ಕೆಯನ್ನು ಒಯ್ದರೆ ಇಷ್ಟು ಗೊತ್ತಾಗುತ್ತದೆ. ಭೇದಿ ಶುರುವಾಗಿ ಒಂದೆರಡು ದಿನವಷ್ಟೇ ಆಗಿದ್ದರೆ ಮಾತ್ರ ಗಾಜು ಖಾಲಿ ಕಾಣಬಹುದು. ಕಾಕ್ಸಿಡಿಯಾ ಕರುಳಗೋಡೆಯನ್ನು ಮೊದಲು ಕೆಡಿಸಿ ಕೋಶಗಳನ್ನು ಹೊರಬಿಡುವುದು ಆಮೇಲೆ. ಹೀಗಾಗಿ ಅದೇ ಹಟ್ಟಿಯ ಇನ್ನೂ ಮೂರ್ನಾಲ್ಕು ಮರಿಗಳ ಹಿಕ್ಕೆಯನ್ನೂ ಕೂಡಿಸಿ ಒಯ್ಯುವುದು ಮೇಲು.