ಲೈಂಗಿಕ ಒಲವು ಮತ್ತು ಹದಿಹರೆಯದವರ ಔಷಧ ದುರ್ಬಳಕೆ

ವೈದ್ಯರ ಚೀಟಿ ಬೇಕಾದ ಔಷಧಗಳನ್ನು ಚೀಟಿಯಿಲ್ಲದೆ, ಇಲ್ಲವೇ ಹೇಳಿದ್ದಕ್ಕಿಂತ ಬೇರೆ ಬಗೆಯಲ್ಲಿ ಸೇವಿಸುವ ಹದಿಹರೆಯದವರ ರೂಢಿಗೂ ಅವರ ಲೈಂಗಿಕ ಒಲವಿಗೂ ಇರುವ ಸಂಬಂಧ ಸಾರ್ವಜನಿಕ ಆರೋಗ್ಯದ ಒಂದು ಅಧ್ಯಯನ ವಿಷಯ. ಓಪಿಯಾಯ್ಡ್ ನೋವುನಿವಾರಕ, ಶಾಮಕ, ಉತ್ತೇಜಕಗಳು ಇಂಥ ಔಷಧಗಳಲ್ಲಿ ಮುಖ್ಯ. ಮಾತ್ರೆ ಸಿಗುವುದು ಹೆಚ್ಚಾಗಿ ಗೆಳೆಯರಿಂದ ಅಥವಾ ಮನೆಯಲ್ಲೇ: ಉದಾಹರಣೆಗೆ, ಹಲ್ಲು ಕೀಳಿಸಿದ ಮೇಲೆ ಕಪಾಟಿನಲ್ಲಿ ಉಳಿದ ಡಬ್ಬಿಯಿಂದ. ಅಮೆರಿಕದಲ್ಲಿ 1996ರಲ್ಲಿ 9ರಿಂದ 14 ವಯಸ್ಸಿನ ಮಕ್ಕಳೊಂದಿಗೆ ಆರಂಭವಾದ ‘ಗ್ರೋಯಿಂಗ್ ಅಪ್ ಟುಡೇ’ ಅಧ್ಯಯನವೂ, 2015ರಲ್ಲಿ ಲೈಂಗಿಕ ಗುರುತನ್ನು ಕೇಳಲಾರಂಭಿಸಿದ ಅಲ್ಲಿನ ರಾಷ್ಟ್ರೀಯ ಪ್ರೌಢಶಾಲಾ ಸಮೀಕ್ಷೆಯೂ ಸಲಿಂಗಾಸಕ್ತ, ದ್ವಿಲಿಂಗಾಸಕ್ತ ಮಕ್ಕಳಲ್ಲಿ ದುರ್ಬಳಕೆ ಹೆಚ್ಚೆಂದು ತೋರಿಸಿವೆ. ಆದರೆ ಒಲವೇ ಇದಕ್ಕೆ ಕಾರಣವೆನ್ನುವುದು ತಪ್ಪು ತಿಳಿವಳಿಕೆ. ಸಂಶೋಧಕ ಇಲಾನ್ ಮೆಯರ್ 2003ರಲ್ಲಿ ವಿಸ್ತರಿಸಿದ ‘ಅಲ್ಪಸಂಖ್ಯಾತ ಒತ್ತಡ’ದ ಸಿದ್ಧಾಂತ ಕಳಂಕ, ಶಾಲೆಯ ಪೀಡನೆ, ಗುಟ್ಟು ಬಯಲಾಗುವ ಭಯಗಳತ್ತ ಬೆರಳು ತೋರುತ್ತದೆ. ಮನೆಯವರು ಒಪ್ಪಿಕೊಂಡಲ್ಲಿ ಅಪಾಯ ತಗ್ಗಿರುವುದು ಕಂಡುಬಂದಿದೆ.