ದಾಸ್ಯದಲ್ಲಿ ಅಕ್ಷರಾಭ್ಯಾಸ

ಅಕ್ಷರ ಕಲಿಸುವುದನ್ನೇ ಅಪರಾಧವೆಂದು ಶಾಸನ ಮಾಡಿದ ನಾಡುಗಳಿದ್ದವೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಅಚ್ಚರಿಯಾದೀತು. ಅಮೇರಿಕದ ದಕ್ಷಿಣ ಕೆರೊಲಿನದಲ್ಲಿ 1740ರ ಕಾಯಿದೆಯು ಗುಲಾಮನಿಗೆ ಬರೆಹ ಕಲಿಸಿದವರಿಗೆ 100 ಪೌಂಡು ದಂಡ ವಿಧಿಸಿತು. ಅದರಲ್ಲಿ ಓದಿನ ಮಾತಿಲ್ಲ, ಬರೆಹದ ಮಾತು ಮಾತ್ರ ಇದೆ ಎಂಬುದನ್ನು ಉಪಾಧ್ಯಾಯರಾದ ನಾವು ಗಮನಿಸಬೇಕು. ಯಜಮಾನನ ತೋಟವನ್ನು ಬಿಟ್ಟು ಹೊರಟ ಗುಲಾಮನ ಕೈಯಲ್ಲಿ ರಹದಾರಿ ಚೀಟಿ ಇರಬೇಕಾಗಿತ್ತು. ಬರೆಯಬಲ್ಲವನು ಆ ಚೀಟಿಯನ್ನು ತಾನೇ ಬರೆದುಕೊಂಡಾನು! ಮುಂದೆ ಜಾರ್ಜಿಯ (1829), ಉತ್ತರ ಕೆರೊಲಿನ (1830) ಮೊದಲಾದ ಸಂಸ್ಥಾನಗಳು ಓದನ್ನೂ ನಿಷೇಧಿಸಿದವು.

ಮೇರಿಲೆಂಡಿನಲ್ಲಿ ಅಂಥ ಕಾಯಿದೆ ಇರಲಿಲ್ಲ; ಯಜಮಾನನ ಬಾಯಿಮಾತೇ ಸಾಕಾಗಿತ್ತು. ಅಲ್ಲಿ 1818ರಲ್ಲಿ ಗುಲಾಮನಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಾಸ್ ಎಂಟರ ಪ್ರಾಯದಲ್ಲಿ ಬಾಲ್ಟಿಮೋರ್ ನಗರದ ಹ್ಯೂ ಆಲ್ಡನ ಮನೆಗೆ ಬಂದನು. ಮನೆಯೊಡತಿ ಸೋಫಿಯ ವರ್ಣಮಾಲೆಯನ್ನೂ ಮೂರು ನಾಲ್ಕು ಅಕ್ಷರದ ಪದಗಳನ್ನೂ ಹೇಳಿಕೊಟ್ಟಳು. ಪತಿಯು ತಡೆದನು: ಓದು ಬಂದರೆ ಹುಡುಗನು ದಾಸ್ಯಕ್ಕೆ ಒಗ್ಗಲಾರನೆಂದನು. ಹುಡುಗನು ಅದನ್ನು ಕೇಳಿಸಿಕೊಂಡನು. ವಿದ್ಯೆಯ ಬೆಲೆಯನ್ನು ಅವನಿಗೆ ತಿಳಿಸಿದ್ದು ಒಡತಿಯ ಪಾಠಕ್ಕಿಂತ ಒಡೆಯನ ಈ ಮಾತೇ ಎಂದು ನಾವು ತಿಳಿಯುತ್ತೇವೆ.

ಅಂದಿನಿಂದ ಬೀದಿಯೇ ಪಾಠಶಾಲೆ. ಮನೆಗೆಲಸಕ್ಕೆಂದು ಹೊರಗೆ ಕಳುಹಿಸಿದಾಗ ಪುಸ್ತಕದೊಡನೆ ರೊಟ್ಟಿಯನ್ನೂ ಒಯ್ಯುತ್ತಿದ್ದನು. ಹಸಿದ ಬಡ ಬಿಳಿಯ ಹುಡುಗರಿಗೆ ರೊಟ್ಟಿ ಕೊಟ್ಟು ಪಾಠ ಹೇಳಿಸಿಕೊಳ್ಳುತ್ತಿದ್ದನು.

ಬರೆಹ ಬಂದ ಬಗೆ ಇನ್ನೂ ಸ್ವಾರಸ್ಯವಾದುದು. ಹಡಗು ಕಟ್ಟುವ ಅಂಗಳದಲ್ಲಿ ಬಡಗಿಗಳು ಕೆತ್ತಿದ ತೊಲೆಗಳ ಮೇಲೆ, ಹಡಗಿನ ಎಡಮಗ್ಗುಲಿಗಾದರೆ ‘ಎಲ್’, ಬಲಮಗ್ಗುಲಿಗಾದರೆ ‘ಎಸ್’ ಎಂದು ಗುರುತು ಹಾಕುತ್ತಿದ್ದರು. ಮುಂಭಾಗಕ್ಕೆ ‘ಎಫ್’, ಹಿಂಭಾಗಕ್ಕೆ ‘ಎ’. ಹೀಗೆ ನಾಲ್ಕು ಅಕ್ಷರಗಳು ಕೈವಶವಾದವು. ಬರೆಯಬಲ್ಲ ಹುಡುಗರ ಮುಂದೆ ಇವನ್ನು ಬರೆದು, “ಇದನ್ನು ಮೀರಿಸಿ ನೋಡೋಣ” ಎಂದು ಪಂಥ ಹೂಡುವನು. ಅವರು ಗೆಲ್ಲಲು ಬರೆದ ಅಕ್ಷರಗಳೆಲ್ಲ ಇವನ ಪಾಲಿಗೆ ಪಾಠ. ಹಲಗೆಯ ಬೇಲಿ, ಇಟ್ಟಿಗೆಯ ಗೋಡೆ, ಕಲ್ಲುಹಾಸು ಇವೇ ಅವನ ಸ್ಲೇಟು. ಸೀಮೆಸುಣ್ಣದ ಗಡ್ಡೆಯೇ ಲೇಖನಿ. (ಗೋಡೆಯ ಮೇಲೆ ಗೀಚುವ ಮಕ್ಕಳನ್ನು ಗದರಿಸುವ ನಾವು ಇದನ್ನೊಮ್ಮೆ ನೆನೆಯಬಹುದು.) ಸೋಮವಾರ ಮಧ್ಯಾಹ್ನ ಒಡತಿ ಪ್ರಾರ್ಥನಾಮಂದಿರಕ್ಕೆ ಹೋದಾಗ, ಒಡೆಯನ ಮಗನ ಹಳೆಯ ಕಾಪಿಪುಸ್ತಕದಲ್ಲಿ ಉಳಿದಿದ್ದ ಜಾಗದಲ್ಲಿ ಅವನ ಬರೆಹವನ್ನೇ ಅನುಕರಿಸಿ ಬರೆಯುತ್ತಿದ್ದನು.

ಮುಂದೆ ಹಳ್ಳಿಯ ಹೊಲದಲ್ಲಿ ದುಡಿಯುತ್ತಿದ್ದಾಗ ಈತನೇ ಉಪಾಧ್ಯಾಯನಾದನು. ಭಾನುವಾರದ ಗುಪ್ತಶಾಲೆಯಲ್ಲಿ ಒಮ್ಮೆ 40ಕ್ಕೂ ಹೆಚ್ಚು ಮಂದಿ ಗುಲಾಮರು ಓದು ಕಲಿಯುತ್ತಿದ್ದರು. 1836ರಲ್ಲಿ ಸಂಗಡಿಗರೊಡನೆ ಓಡಿಹೋಗಲು ಯೋಚಿಸಿ, ಒಡೆಯನ ಹೆಸರಿನಲ್ಲಿ ರಹದಾರಿಗಳನ್ನು ತಾನೇ ಬರೆದನು. 1740ರ ಶಾಸಕರು ಹೆದರಿದ್ದುದು ಇದಕ್ಕೇ! ಗುಟ್ಟು ರಟ್ಟಾಗಿ ಸೆರೆಸಿಕ್ಕಾಗ ತನ್ನ ಚೀಟಿಯನ್ನು ಬೆಂಕಿಗೆಸೆದು, ಉಳಿದವರಿಗೆ ಬಿಸ್ಕತ್ತಿನೊಡನೆ ತಿಂದುಬಿಡಲು ಹೇಳಿದನು.

1838ರಲ್ಲಿ ತಪ್ಪಿಸಿಕೊಂಡ ಡಗ್ಲಾಸರು 1845ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದರು. ರೊಟ್ಟಿಗೆ ಪಾಠ ಹೇಳಿದ ಹುಡುಗರು ವಾಸವಾಗಿದ್ದ ಬೀದಿಯ ಹೆಸರು ಅದರಲ್ಲಿದೆ, ಹುಡುಗರ ಹೆಸರುಗಳಿಲ್ಲ. ಗುಲಾಮನಿಗೆ ಓದು ಕಲಿಸಿದರೆಂಬ ಸಂಗತಿ ಆಗಲೂ ಅವರಿಗೆ ತೊಡಕಾಗಬಹುದಾಗಿತ್ತು.